ಆಸ್ಪತ್ರೆಯಲ್ಲಿ ಭೇದಿ ಶುರುವಾಗಿದೆ, ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಕಾ?

ಹುಲೇಕಲ್ ಕಡೆಯವಳು:
ಅಪ್ಪಯ್ಯನಿಗೆ 74. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾಗಿನಿಂದ ಅಟೋರ್ವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ತಿನ್ನುತ್ತಿದ್ದಾರೆ. ತೋಟದಲ್ಲಿ ಬಿದ್ದು ಕಾಲಿನ ಗಾಯ ಕೀವಾಯಿತು, ಹುಬ್ಬಳ್ಳಿಯಲ್ಲಿ ಅಡ್ಮಿಟ್ ಮಾಡಿದೆವು. ಆಂಟಿಬಯೋಟಿಕ್ ಶುರುವಾಗಿ ವಾರದೊಳಗೆ ನೀರು ನೀರಾಗಿ ಭೇದಿ. ಟೆಸ್ಟಿನಲ್ಲಿ ಸಿ. ಡಿಫಿಸಿಲ್ ಅಂತ ಬಂತು, ಕರುಳಿಗೆ ಬರುವ ಬ್ಯಾಕ್ಟೀರಿಯಾ ಸೋಂಕಂತೆ. ಅದಕ್ಕೆ ಈಗ ಬಾಯಿಗೆ ವ್ಯಾಂಕೊಮೈಸಿನ್ ಅನ್ನೋ ಬೇರೆ ಆಂಟಿಬಯೋಟಿಕ್ ಕೊಡುತ್ತಿದ್ದಾರೆ.

ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಿ ಅಂತ ಮಾವ. ಅದನ್ನು ತಿನ್ನುವವರು ಈ ಸೋಂಕಿನಲ್ಲಿ ಸಾಯುವುದು ಕಡಿಮೆಯಂತೆ, ಡೋಸ್ ಜಾಸ್ತಿ ಮಾಡಿಸೋಣ ಅಂತ ಮೊಬೈಲಲ್ಲಿ ಓದಿದ ತಮ್ಮ. ಆಯಿಗೆ ಇಬ್ಬರ ಮಾತು ಕೇಳಿ ಗಾಬರಿ. ಡಾಕ್ಟರು ರೌಂಡ್ಸಿಗೆ ಬಂದಾಗ ಏನು ಕೇಳಲಿ?

ಅಂಕೋಲಾದವ:
ಮೊದಲು ಭೇದಿ ಕಟ್ಟುವ ಮಾತ್ರೆ ಕೊಡಿಸಿ ಮಾರಾಯ್ರೆ. ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸಿ. ಕೊಲೆಸ್ಟ್ರಾಲ್ ಆಮೇಲೆ ನೋಡಿದರಾಯ್ತು.

ಕುಮಟಾ ಮೆಡಿಕಲ್:
ಗಂಜಿ ಸರಿ, ಡಾಕ್ಟರಿಗೆ ಒಂದು ಮಾತು ಹೇಳಿ ಕೊಡಿ. ಭೇದಿ ಕಟ್ಟುವ ಮಾತ್ರೆ ಮಾತ್ರ ನೀವಾಗಿ ಬೇಡ. ಈ ಸೋಂಕಿನಲ್ಲಿ ವಿಷ ಕರುಳಲ್ಲೇ ಉಳಿಯಬಹುದು.

ಅಟೋರ್ವಾಸ್ಟಾಟಿನ್ ನಿಲ್ಲಿಸಲೂ ಬೇಡಿ, ಏರಿಸಲೂ ಬೇಡಿ. ಸ್ಟೆಂಟ್ ಇದ್ದವರಿಗೆ ಅದು ಸುಮ್ನೆ ಬರೆದ ಮಾತ್ರೆಯಲ್ಲ. ಡಾಕ್ಟರೇ ನಿಲ್ಲಿಸಿದರೆ ಬೇರೆ ಮಾತು.

ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ. ಆಸ್ಪತ್ರೆಗಳ ಹಳೆ ದಾಖಲೆ ತೆಗೆದು ನೋಡಿದ ಕೆಲವು ಅಧ್ಯಯನಗಳಲ್ಲಿ ಸ್ಟ್ಯಾಟಿನ್, ಅಂದರೆ ಅಟೋರ್ವಾಸ್ಟಾಟಿನ್ ಜಾತಿಯ ಮಾತ್ರೆ, ತಿನ್ನುವವರ ಸಾವು ಕಡಿಮೆ ಕಂಡಿದೆ. ಉರಿಯೂತ ತಗ್ಗಿಸುವ ಗುಣ ಅದಕ್ಕಿದೆ, ಹಾಗಾಗಿ ಆಸೆಯೂ ಹುಟ್ಟುತ್ತದೆ. ಆದರೆ ವರ್ಷಗಟ್ಟಲೆ ಈ ಮಾತ್ರೆ ತಪ್ಪಿಸದವರು ಯಾರು? ನನ್ನ ಅಂಗಡಿಗೆ ಚೀಟಿ ಹಿಡಿದು ತಿಂಗಳು ತಿಂಗಳು ಬರುವವರು ಶುಗರ್ ನೋಡಿಸುತ್ತಾರೆ, ಸಂಜೆ ವಾಕಿಂಗ್ ಹೋಗುತ್ತಾರೆ, ಮಗ ಬೆಂಗಳೂರಿಂದ ದುಡ್ಡು ಕಳಿಸುತ್ತಾನೆ. ಅವರು ಉಳಿದದ್ದು ಮಾತ್ರೆಯಿಂದಲೋ, ಇದೆಲ್ಲದರಿಂದಲೋ? ಇನ್ನೊಂದು ಕಡೆ, ತೀರಾ ಹದಗೆಟ್ಟವರ ಗಂಟಲಲ್ಲಿ ಮಾತ್ರೆಯೇ ಇಳಿಯುವುದಿಲ್ಲ. ಅವರು ತಿನ್ನದವರ ಲೆಕ್ಕಕ್ಕೆ ಸೇರಿಬಿಡಬಹುದು.

ಸೆಪ್ಸಿಸ್‌ನಲ್ಲೂ, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗ ಕೆಡುವ ಸ್ಥಿತಿಯಲ್ಲೂ, ಹಳೆ ದಾಖಲೆಗಳು ಹೀಗೇ ಆಸೆ ಹುಟ್ಟಿಸಿದ್ದವು. ಆಮೇಲೆ ಅಮೆರಿಕದಲ್ಲಿ ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟವರಲ್ಲಿ ಕೆಲವರಿಗೆ ರೊಸುವಾಸ್ಟಾಟಿನ್ ಅನ್ನೋ ಇನ್ನೊಂದು ಸ್ಟ್ಯಾಟಿನ್, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದರು. ಸಾವು ಕಡಿಮೆಯಾಗಲಿಲ್ಲ. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ವರದಿ ಬಂದದ್ದು 2014ರಲ್ಲಿ.

ರೌಂಡ್ಸಿನಲ್ಲಿ ಇಷ್ಟು ಕೇಳಿ: ಗಾಯಕ್ಕೆ ಕೊಟ್ಟ ಆಂಟಿಬಯೋಟಿಕ್ ಇನ್ನೂ ಬೇಕಾ? ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನಡೆಯುತ್ತಿದ್ದರೆ ಅದು ಬೇಕೇ ಬೇಕಾ? ಅದಕ್ಕೂ ಈ ಭೇದಿಗೂ ನಂಟಿದೆ. ಕ್ಲಾರಿಥ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದಿದ್ದಾರಾ? ಅದು ಅಟೋರ್ವಾಸ್ಟಾಟಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಮೈಕೈ ವಿಪರೀತ ನೋವು, ಮೂತ್ರ ಕಾಫಿ ಬಣ್ಣ ಅಂದರೆ ತಕ್ಷಣ ಹೇಳಿ.

ಕಾರವಾರದ ನರ್ಸ್:
ಅಕ್ಕ, ಸ್ಯಾನಿಟೈಸರ್ ನಂಬಬೇಡಿ. ಈ ಬ್ಯಾಕ್ಟೀರಿಯಾದ ಬೀಜಕಣ ಅದಕ್ಕೆ ಸಾಯುವುದಿಲ್ಲ. ಬೆಡ್‌ಪ್ಯಾನ್ ಮುಟ್ಟಿದ ಮೇಲೆ ಆಯಿ ಸೋಪು ನೀರಿನಲ್ಲೇ ಕೈ ತೊಳೆಯಲಿ. ಡಿಸ್ಚಾರ್ಜ್ ಆದ ಮೇಲೂ ಮರುಕಳಿಸಬಹುದು, ಭೇದಿ ಶುರುವಾದರೆ ಕಾಯಬೇಡಿ.

ಹುಲೇಕಲ್ ಕಡೆಯವಳು:
ಡಾಕ್ಟರಿಗೆ ಕೇಳಿದೆ. ಗ್ಯಾಸ್ ಮಾತ್ರೆ ತೆಗೆದರು, ಅಟೋರ್ವಾಸ್ಟಾಟಿನ್ ಹಾಗೇ ಇದೆ. ಕ್ಲಾರಿಥ್ರೊಮೈಸಿನ್ ಇಲ್ಲವಂತೆ. ಮನೆಯಲ್ಲಿ ಎಲ್ಲರಿಗೂ ಒಂದೇ ಬಚ್ಚಲು. ಬ್ಲೀಚಿಂಗ್ ಹಾಕಿ ತೊಳೆದರೆ ಸಾಕಾಗುತ್ತದಾ, ತಂಗಿ?

ಕಾರವಾರದ ನರ್ಸ್:
ಸಾಕು. ಫಿನಾಯಿಲ್ ಸಾಲದು, ಬ್ಲೀಚಿಂಗೇ ಬೇಕು. ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ.