ಕಟ್ಟೆ ಹರಟೆಯ ದೃಶ್ಯ: ಮಾತಿನಿಂದ ಮಾತು ಹುಟ್ಟಿಸುವುದು ಹೇಗೆ?

ಪರದೆಹಿಂದೆ (ಪ್ರಶ್ನೆ)

ಹವ್ಯಾಸಿ ತಂಡದ ನಾಟಕಕ್ಕೆ ಹತ್ತು ನಿಮಿಷದ ಒಂದು ದೃಶ್ಯ ಬೇಕು. ಮಂಡ್ಯ ಕಡೆಯ ಹಳ್ಳಿ, ಅರಳಿಕಟ್ಟೆ, ನಡುವಯಸ್ಸಿನ ಮೂವರು ಗಂಡಸರು. ಕಥೆ ಮುಂದೆ ಸಾಗಬೇಕಿಲ್ಲ. ಬರೀ ಹರಟೆ, ಒಂದು ಮಾತು ಇನ್ನೊಂದನ್ನು ಎಳೆದುಕೊಂಡು ಬರಬೇಕು. ಸದ್ಯಕ್ಕೆ ಬರೆದಿರುವುದನ್ನು ಓದಿದರೆ ಮೂವರೂ ಸರದಿ ಪ್ರಕಾರ ಭಾಷಣ ಮಾಡಿದ ಹಾಗಿದೆ. ವಿಷಯ ತಿರುಗುವ ಕಡೆಯಲ್ಲೆಲ್ಲ ‘ಅಂದಹಾಗೆ’ ಹಾಕಿದ್ದರೂ ಕೃತಕ ಅನಿಸುತ್ತಿದೆ. ಎಲ್ಲಿ ತಪ್ಪಾಗುತ್ತಿದೆ? ಒಂದೊಂದು ಮಾತು ಎಷ್ಟುದ್ದ ಇರಬೇಕು, ಹತ್ತು ನಿಮಿಷಕ್ಕೆ ಎಷ್ಟು ವಿಷಯ ಹಿಡಿಸುತ್ತದೆ?

ಕಟ್ಟೆಮಾತು

ತಪ್ಪಿರುವುದು ‘ಅಂದಹಾಗೆ’ಯಲ್ಲೇ. ಮಾತಿನ ಎಳೆ ಕಡಿದಾಗ ಬಳಸುವ ಪದ ಅದು. ‘ಇದಕ್ಕೂ ನೀನು ಹೇಳಿದ್ದಕ್ಕೂ ಸಂಬಂಧವಿಲ್ಲ, ಆದರೂ ಕೇಳು’ ಅಂತ ಅದರ ಅರ್ಥ. ಹರಟೆಯಲ್ಲಿ ಎಳೆ ಕಡಿಯುವುದು ಕಡಿಮೆ. ಹಿಂದಿನವನು ಆಡಿದ ಯಾವುದೋ ಒಂದು ಪದಕ್ಕೆ ಮುಂದಿನವನು ಕೊಕ್ಕೆ ಹಾಕುತ್ತಾನೆ. ಆ ಪದ ಹಿಂದಿನವನ ಮುಖ್ಯ ವಿಷಯ ಆಗಿರಬೇಕಿಲ್ಲ, ಆಗಿರದಿದ್ದರೇ ಒಳ್ಳೆಯದು. ಒಂದು ತುಣುಕು ನೋಡಿ:

ಕೆಂಪಣ್ಣ: ಏನ್ ಸೆಕೆನಪ್ಪ. ಒಂದ್ ಎಲೆ ಅಲ್ಲಾಡ್ತಿಲ್ಲ.
ಶಿವಣ್ಣ: ಸಂಜೆಗೆ ಬತ್ತದೆ ಬಿಡು ಮಳೆ.
ಕೆಂಪಣ್ಣ: ಬರೋದೇನೋ ಸರಿ, ಹುಲ್ಲು ಬಯಲಲ್ಲಿ ಬಿದ್ದದೆ.
ಶಿವಣ್ಣ: ಬಣವೆ ಒಟ್ಟಿಲ್ವ ಇನ್ನೂವೆ?
ಕೆಂಪಣ್ಣ: ಒಟ್ಟೋರ್ ಯಾರು? ಬತ್ತೀನಿ ಅಂದೋನು ಮದ್ವೆಗೋಗವ್ನೆ.
ಶಿವಣ್ಣ: ಯಾರ್ ಮದ್ವೆ?
ಕೆಂಪಣ್ಣ: ಅದೇ, ಮೂಲೆಮನೆ ಹುಡ್ಗಿ. ಮದ್ದೂರ್ಗೆ ಕೊಟ್ಟವ್ರಂತೆ.
ಶಿವಣ್ಣ: ಮದ್ದೂರಾ! ಅಲ್ಲಿ ವಡೆ ತಿಂದು ಎಷ್ಟ್ ದಿನ ಆಯ್ತು.
ಕೆಂಪಣ್ಣ: ವಡೆ ಇರ್ಲಿ, ಈರುಳ್ಳಿ ರೇಟ್ ನೋಡಿದ್ಯಾ?

ಒಂಬತ್ತು ಮಾತಿನಲ್ಲಿ ಸೆಕೆಯಿಂದ ಈರುಳ್ಳಿಗೆ ಬಂದಾಯಿತು, ‘ಅಂದಹಾಗೆ’ ಒಂದೂ ಇಲ್ಲ. ಮಳೆಯಿಂದ ಹುಲ್ಲಿಗೆ ಹೋದದ್ದು ಮುಂದೆ ಆಗುವುದರ ಚಿಂತೆಯಿಂದ. ಹುಲ್ಲಿನಿಂದ ಮದುವೆಗೆ ಹೋದದ್ದು ನೆಪ ಹೇಳುವಾಗ ಸುಮ್ಮನೆ ಬಿದ್ದ ಪದದಿಂದ. ಮದ್ದೂರಿನಿಂದ ವಡೆಗೆ ಊರಿನ ಹೆಸರೇ ದಾರಿ, ವಡೆಯಿಂದ ಈರುಳ್ಳಿಗೆ ಅದರೊಳಗಿನ ಸಾಮಾನು. ಕೊಕ್ಕೆಯ ಜಾತಿ ಹೀಗೆ ಬದಲಾಗುತ್ತಿರಲಿ. ಸತತವಾಗಿ ಮೂರು ಸಲ ಊರಿನ ಹೆಸರಿನಿಂದಲೇ ಹಾರಿದರೆ ಅಂತ್ಯಾಕ್ಷರಿ ಕೇಳಿದಂತಾಗುತ್ತದೆ.

ಅಳತೆ ಹೇಳುವುದಾದರೆ, ಒಂದು ಮಾತಿಗೆ ನಾಲ್ಕರಿಂದ ಎಂಟು ಪದ. ಒಂದು ವಿಷಯದ ಮೇಲೆ ಏಳೆಂಟು ಮಾತು, ಅದರಲ್ಲಿ ಎರಡು ಮೂರು ಬರೀ ‘ಹ್ಞೂಂ’, ‘ಹೌದಾ?’, ‘ಯಾವಾಗ?’ ಥರದವು. ಹತ್ತು ನಿಮಿಷಕ್ಕೆ ಎಂಟೊಂಬತ್ತು ವಿಷಯ ಸಾಕು. ಹದಿನೈದು ತುಂಬಿದರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ನಡುವೆ ಯಾರಾದರೂ ಒಬ್ಬರಿಗೆ ಆರೇಳು ವಾಕ್ಯದ ಒಂದೇ ಒಂದು ಉದ್ದನೆಯ ಮಾತು ಕೊಡಿ. ಅದು ಇಲ್ಲದಿದ್ದರೆ ಇಡೀ ದೃಶ್ಯ ಟೇಬಲ್ ಟೆನಿಸ್ ಚೆಂಡಿನ ಸದ್ದಿನಂತೆ ಒಂದೇ ಲಯಕ್ಕೆ ಬೀಳುತ್ತದೆ.

ಸೊಲ್ಲು

ಮೇಲಿನದಕ್ಕೆ ವ್ಯಾಕರಣದ ಕಡೆಯಿಂದ ಎರಡು ವಿಷಯ ಸೇರಿಸಬೇಕು. ಬರೆದ ಹರಟೆ ಸುಳ್ಳೆನಿಸಲು ಹೆಚ್ಚಾಗಿ ಇವೇ ಕಾರಣ.

ಮೊದಲನೆಯದು ‘ಹೌದು’. ಕನ್ನಡದಲ್ಲಿ ಆಡುವಾಗ ಕೇಳಿದ ಪ್ರಶ್ನೆಗೆ ಅದರ ಕ್ರಿಯಾಪದದಿಂದಲೇ ಉತ್ತರ ಕೊಡುತ್ತೇವೆ. ‘ಊಟ ಆಯ್ತಾ?’ ಅಂದರೆ ‘ಆಯ್ತು’. ‘ಬಸ್ ಬಂತಾ?’ ಅಂದರೆ ‘ಬಂತು’. ‘ಹೌದು, ಬಸ್ ಬಂತು’ ಎಂದು ಬರೆದ ಕೂಡಲೇ ಅದು ಅನುವಾದದ ಬಾಯಾಗುತ್ತದೆ. ಹಸ್ತಪ್ರತಿಯಲ್ಲಿ ‘ಹೌದು’ ಇರುವ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ ನೋಡಿ, ಮುಕ್ಕಾಲು ಪಾಲು ಹೊಡೆದುಹಾಕಬಹುದು. ‘ನಾನು’, ‘ನೀನು’ಗಳೂ ಹಾಗೆಯೇ. ಕ್ರಿಯಾಪದವೇ ಯಾರೆಂದು ಹೇಳುವಾಗ ಅವು ಒತ್ತಿ ಹೇಳಲು ಮಾತ್ರ ಬೇಕು.

ಎರಡನೆಯದು ‘ಅಂತೆ’. ಇದು ಹರಟೆಯ ಜೀವ. ‘ಮದ್ದೂರ್ಗೆ ಕೊಟ್ಟವ್ರೆ’ ಅಂದರೆ ಹೇಳುವವನಿಗೆ ಖಚಿತವಾಗಿ ಗೊತ್ತು. ‘ಕೊಟ್ಟವ್ರಂತೆ’ ಅಂದರೆ ಕೇಳಿದ ಸುದ್ದಿ, ಹೊಣೆ ತನ್ನದಲ್ಲ. ಕೇಳಿದ ಸುದ್ದಿಗೆ ‘ಅಂತೆ’ ಬಿಟ್ಟುಬಿಟ್ಟರೆ ಪಾತ್ರ ವಾರ್ತೆ ಓದಿದಂತೆ ಕೇಳಿಸುತ್ತದೆ. ಇನ್ನೊಂದು ಲಾಭವೂ ಇದೆ: ‘ಅಂತೆ’ ಬಂದ ಕೂಡಲೇ ಎದುರಿನವನಿಗೆ ‘ಯಾರ್ ಹೇಳಿದ್ದು?’ ಎಂದು ಕೇಳುವ ಹಕ್ಕು ಸಿಗುತ್ತದೆ. ಆ ಹೇಳಿದವನ ಬಗ್ಗೆಯೇ ಮುಂದಿನ ಐದು ಮಾತು ನಡೆಯುತ್ತವೆ. ಮಾತು ಮುಂದಕ್ಕೆ ತಳ್ಳಲು ಇದಕ್ಕಿಂತ ಸುಲಭದ ಸನ್ನೆಗೋಲು ಕನ್ನಡದಲ್ಲಿ ಇಲ್ಲ.

‘ಅದೇ, ಅವನ್ಯಾರು, ಟೈಲರ್ ಅಂಗ್ಡಿ ಪಕ್ದೋನು’ ಅನ್ನುವಂಥ ಹೆಸರು ಹುಡುಕಾಟವನ್ನೂ ಬಿಡಬೇಡಿ. ಮೂರನೆಯವನು ಬಾಯಿ ಹಾಕುವುದು ಆಗಲೇ. ಹೆಸರು ತಪ್ಪಾಗಿ ಹೇಳಿದರೆ ಇನ್ನೂ ಒಳ್ಳೆಯದು, ತಿದ್ದಲು ಇಬ್ಬರೂ ನುಗ್ಗುತ್ತಾರೆ.

ಟೇಪು

ಬರೆಯುವ ಮೊದಲು ನಿಜವಾದ ಮಾತು ಕೇಳಿಸಿಕೊಂಡು ಬರೆದಿಳಿಸುವುದು ವಾಸಿ. ಕೂತವರಿಗೆ ಹೇಳಿ, ಒಪ್ಪಿಗೆ ಪಡೆದು ಫೋನಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿ. ಮೊದಲ ಹತ್ತು ನಿಮಿಷ ಬಿಟ್ಟುಬಿಡಿ, ಆಗ ಎಲ್ಲರ ಗಮನ ಫೋನಿನ ಮೇಲೆಯೇ ಇರುತ್ತದೆ. ಆಮೇಲಿನ ಐದು ನಿಮಿಷ ಸಾಕು. ಅಷ್ಟನ್ನು ಸರಿಯಾಗಿ ಬರೆದಿಳಿಸಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆಡುಮಾತನ್ನು ಬರೆದಿಳಿಸಲು ಸಮಾಜಶಾಸ್ತ್ರಜ್ಞೆ ಗೇಲ್ ಜೆಫರ್ಸನ್ ರೂಪಿಸಿದ ಗುರುತುಗಳಲ್ಲಿ ಮೂರು ಸಾಕು: ಇಬ್ಬರ ಮಾತು ಒಂದರ ಮೇಲೊಂದು ಬಿದ್ದ ಕಡೆ ಚೌಕ ಕಂಸ, ಸಂದಿಲ್ಲದೆ ಅಂಟಿಕೊಂಡ ಕಡೆ ಸಮ ಚಿಹ್ನೆ, ಮೌನಕ್ಕೆ ದುಂಡು ಕಂಸದಲ್ಲಿ ಸೆಕೆಂಡು.

ಮೌನದ ಲೆಕ್ಕ ಮುಖ್ಯ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಕನ್ನಡ ಆ ಹತ್ತರಲ್ಲಿಲ್ಲ, ಆದರೆ ರಂಗದ ಮೇಲೆ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಹೊಸ ನಟರು ಎದುರಿನವರ ಮಾತು ಪೂರ್ತಿ ಮುಗಿದ ಮೇಲೆ ಉಸಿರೆಳೆದುಕೊಂಡು ಶುರು ಮಾಡುತ್ತಾರೆ. ಅಲ್ಲೇ ಪೂರ್ತಿ ಒಂದು ಸೆಕೆಂಡು ಹೋಗುತ್ತದೆ, ಹರಟೆ ಸಾಯುತ್ತದೆ. ಎದುರಿನವರ ಕೊನೆಯ ಪದದ ಹೊತ್ತಿಗೇ ಉಸಿರು ಎಳೆದಾಗಿರಬೇಕು.

ಪಾತ್ರ ಮೂರೇ ಇಟ್ಟಿರುವುದು ಸರಿ. ನಾಲ್ಕು ಮಂದಿಯಾದರೆ ಮಾತು ಎರಡು ಜೋಡಿಯಾಗಿ ಒಡೆಯುತ್ತದೆ, ಪ್ರೇಕ್ಷಕರಿಗೆ ಎರಡೂ ಕೇಳಿಸುವುದಿಲ್ಲ.

ಮದ್ದಲೆ

ತಾಳಮದ್ದಲೆಯ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅಭ್ಯಾಸದಿಂದ ಒಂದು ಉಪಾಯ. ಅಲ್ಲಿ ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿಗಳು ಬಾಯಿಪಾಠವಿಲ್ಲದೆ, ಆ ಕ್ಷಣದಲ್ಲೇ ಮಾತು ಕಟ್ಟುತ್ತಾರೆ. ಎದುರಿನವರು ಬಳಸಿದ ಒಂದು ಪದವನ್ನೇ ಹಿಡಿದು ಅದರ ಮೇಲೆ ತಮ್ಮ ಮಾತನ್ನು ನಿಲ್ಲಿಸುತ್ತಾರೆ. ಅವರ ಗುರಿ ವಾದ, ಪ್ರಸಂಗದ ಚೌಕಟ್ಟು ದಾಟುವಂತಿಲ್ಲ. ಹರಟೆಗೆ ಗುರಿಯಿಲ್ಲ. ಆದರೆ ಕಿವಿ ಮಾತ್ರ ಅದೇ ಬೇಕು.

ಹೀಗೆ ಮಾಡಿಸಿ: ಇಬ್ಬರನ್ನು ಎದುರುಬದುರು ಕೂರಿಸಿ ‘ಮಳೆ’ ಅಂತ ಒಂದು ಪದ ಕೊಡಿ. ಪ್ರತಿಯೊಬ್ಬರೂ ಎದುರಿನವರ ಮಾತಿನಿಂದ ಒಂದು ನಾಮಪದ ಎತ್ತಿಕೊಂಡೇ ಮುಂದುವರಿಯಬೇಕು, ಪ್ರಶ್ನೆ ಕೇಳುವಂತಿಲ್ಲ. ಹದಿನೈದು ನಿಮಿಷ. ಮೂರನೆಯವರು ಎತ್ತಿಕೊಂಡ ಪದಗಳನ್ನಷ್ಟೇ ಬರೆದುಕೊಳ್ಳಲಿ. ಹೀಗೆ ನಾಲ್ಕು ಸಲ ಮಾಡಿದರೆ ನಿಮ್ಮ ದೃಶ್ಯಕ್ಕೆ ಬೇಕಾದ ಸರಪಣಿ ಆ ಪಟ್ಟಿಗಳಲ್ಲೇ ಸಿಗುತ್ತದೆ. ಪ್ರಶ್ನೆ ಬೇಡ ಎಂದದ್ದಕ್ಕೆ ಕಾರಣವಿದೆ. ಪ್ರಶ್ನೆ ಕೇಳಿದವರು ಕಟ್ಟುವ ಕೆಲಸವನ್ನು ಎದುರಿನವರ ತಲೆಗೆ ಹೊರಿಸಿ ಸುಮ್ಮನಾಗುತ್ತಾರೆ. ಅಭ್ಯಾಸದಲ್ಲಿ ಅದು ಸೋಮಾರಿತನ, ಬರೆಯುವಾಗ ಧಾರಾಳವಾಗಿ ಬಳಸಿ.

ಪರದೆಹಿಂದೆ

ಎಲ್ಲರಿಗೂ ವಂದನೆ. ‘ಹೌದು’ ಎಣಿಸಿದೆ, ಮೂವತ್ತೊಂದು ಇವೆ. ಇನ್ನೆರಡು ಸಂಶಯ. ತರ್ಕವಿಲ್ಲದ ಮಾತು ನಟರಿಗೆ ನೆನಪಿರುವುದು ಹೇಗೆ? ಮತ್ತೆ, ಮುಗಿಸುವುದು ಎಲ್ಲಿ?

ಕಟ್ಟೆಮಾತು

ನೆನಪಿನ ತೊಂದರೆ ನಿಜ. ಇಂಥ ದೃಶ್ಯದಲ್ಲಿ ಒಬ್ಬರು ತಪ್ಪಿ ಎರಡು ಪುಟ ಮುಂದಿನ ಮಾತು ಆಡಿದರೆ ಉಳಿದವರಿಗೆ ಗೊತ್ತೇ ಆಗುವುದಿಲ್ಲ, ಎರಡು ನಿಮಿಷ ಮಾಯವಾಗಿರುತ್ತದೆ. ಅದಕ್ಕೇ ಕೊಕ್ಕೆ ಪದಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ತಾಲೀಮಿನ ಮೊದಲು ಆ ಪದಗಳನ್ನಷ್ಟೇ ಒಬ್ಬರಾದ ಮೇಲೊಬ್ಬರು ಹೇಳಲಿ: ಸೆಕೆ, ಮಳೆ, ಹುಲ್ಲು, ಮದ್ವೆ, ಮದ್ದೂರು, ವಡೆ, ಈರುಳ್ಳಿ. ಕೊಕ್ಕೆ ಪದ ಬದಲಾಯಿಸುವಂತಿಲ್ಲ, ಸುತ್ತಲಿನ ಪದ ಸ್ವಲ್ಪ ಆಚೀಚೆಯಾದರೆ ಚಿಂತೆಯಿಲ್ಲ.

ಕೈಗೊಂದು ಕೆಲಸವೂ ನೆನಪಿಗೆ ಒತ್ತಾಸೆ. ಮೂವರ ನಡುವೆ ಒಂದೇ ಎಲೆಅಡಿಕೆ ಚೀಲ ಇಡಿ. ಅಡಿಕೆ ಕತ್ತರಿಸುವುದು ಮದುವೆ ಮಾತಿಗೆ, ಎಲೆಯ ತೊಟ್ಟು ಮುರಿಯುವುದು ಮದ್ದೂರಿಗೆ, ಸುಣ್ಣ ಕೇಳುವುದು ಈರುಳ್ಳಿಗೆ ಅಂತ ಗೊತ್ತು ಮಾಡಿಕೊಂಡರೆ ಕೈ ಬಾಯಿಗೆ ಹೇಳಿಕೊಡುತ್ತದೆ. ‘ಸುಣ್ಣ ಕೊಡ್ಲಾ ಇತ್ತ’ ಎಂದು ಮಾತು ತುಂಡಾದರೆ ‘ಏನೋ ಹೇಳ್ತಿದ್ದೆ?’ ಎಂದು ಹಿಂದಕ್ಕೂ ಹೋಗಬಹುದು. ಬಾಯಿ ತುಂಬ ಎಲೆಅಡಿಕೆ ಇದ್ದವನು ಗಲ್ಲ ಎತ್ತಿ ‘ಹ್ಞೂಂ ಹ್ಞೂಂ’ ಅನ್ನಬಲ್ಲನೇ ಹೊರತು ಬೇರೇನಲ್ಲ. ಅವನು ಉಗಿದು ಬರುವವರೆಗೂ ಉಳಿದಿಬ್ಬರು ಕಾಯುವುದು ನಿಮಗೆ ಪುಕ್ಕಟೆ ಸಿಗುವ ಮೌನ.

ಮುಗಿಸುವುದಕ್ಕೆ ಹೊಸ ವಿಷಯ ತರಬೇಡಿ. ಹುಲ್ಲನ್ನು ಬಯಲಲ್ಲೇ ಬಿಟ್ಟು ಬಂದಿದ್ದೇವೆ, ಬಣವೆ ಒಟ್ಟಿಲ್ಲ. ಏಳನೇ ನಿಮಿಷದ ಹೊತ್ತಿಗೆ ಗುಡುಗು ಒಂದು ಸಲ ದೂರದಲ್ಲಿ ಕೇಳಿಸಲಿ, ಯಾರೂ ಅದರ ಬಗ್ಗೆ ಮಾತಾಡಬಾರದು. ಹತ್ತನೇ ನಿಮಿಷಕ್ಕೆ ಕೆಂಪಣ್ಣ ಅಂಗೈ ಚಾಚಿ, ಹನಿ ನೋಡಿ, ‘ಅಯ್ಯೋ, ಹುಲ್ಲು!’ ಅಂತ ಟವಲ್ ಹೆಗಲಿಗೆಸೆದು ಓಡಲಿ. ಶಿವಣ್ಣ ಈರುಳ್ಳಿಯ ಮಾತನ್ನು ಅರ್ಧಕ್ಕೇ ಬಿಟ್ಟು ಚೀಲದ ಬಾಯಿ ಕಟ್ಟಲಿ.

ಟೇಪು

ಗುಡುಗಿನ ಧ್ವನಿ ಸ್ಪೀಕರಿನಿಂದ ಬರುವುದಾದರೆ ಮಾತಿನ ನಡುವಿನ ಸಂದಿಯಲ್ಲಿ ಹಾಕಬೇಡಿ, ಮಾತಿನ ಮೇಲೆಯೇ ಬೀಳಲಿ. ಸಂದಿಯಲ್ಲಿ ಬಿದ್ದರೆ ನಟರು ಅದಕ್ಕೆ ಕಾದು ನಿಂತಂತೆ ಕಾಣುತ್ತದೆ.