ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಬರುವ ಮುಂಚೆ ಈ ಲೆಕ್ಕ ಒಮ್ಮೆ ನೋಡಿ

ಮೊನ್ನೆ ಇಲ್ಲಿನ ಕನ್ನಡಿಗರ ನಮ್ಮ ಗುಂಪಿನಲ್ಲಿ ಬೆಂಗಳೂರಿನವರೊಬ್ಬರು ಕೇಳಿದ್ದರು. ರೆಡಿಂಗ್‌ನಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ, ಇಬ್ಬರು ಮಕ್ಕಳು, 5 ವರ್ಷದ ವೀಸಾ. ಬರುವುದಾ, ಬೇಡವಾ? ಶಾಲೆ, ಬಾಡಿಗೆ, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಒಳ್ಳೊಳ್ಳೆ ಉತ್ತರ ಬಂದವು. ಯಾರೋ ವೀಸಾ ಜೊತೆ ಕಟ್ಟಬೇಕಾದ ಸರ್‌ಚಾರ್ಜ್ ವಿಷಯ ಎತ್ತಿದ ಕೂಡಲೇ ಹಿರಿಯರೊಬ್ಬರು, "ರಾಜಕೀಯ ಬೇಡ, ಬರೀ ಮಕ್ಕಳ ವಿಷಯ ಮಾತಾಡೋಣ" ಎಂದು ಬರೆದರು. ಅವರ ಮೇಲೆ ನನಗೆ ತುಂಬಾ ಗೌರವವಿದೆ. ನಾವು ಬಂದ ಹೊಸದರಲ್ಲಿ ಮನೆ ಹುಡುಕಿಕೊಟ್ಟವರು ಅವರೇ. ಆದರೂ ಅಣ್ಣ, ಈ ಮಾತನ್ನು ಮಾತ್ರ ಒಪ್ಪಲು ಆಗುತ್ತಿಲ್ಲ. ನನ್ನ ಮಗಳು ಯಾವ ದೇಶದವಳು, ವಯಸ್ಸಾದ ನನ್ನ ಅಮ್ಮ ಎಲ್ಲಿರಬೇಕು, ಇವೆರಡನ್ನೂ ತೀರ್ಮಾನ ಮಾಡಿದ್ದು ಇಲ್ಲಿನ ರಾಜಕೀಯವೇ.

ಮೊದಲು ದುಡ್ಡಿನ ಮಾತು. ವೀಸಾ ಶುಲ್ಕದ ಜೊತೆಗೆ ಎನ್‌ಎಚ್‌ಎಸ್ ಎಂಬ ಇಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆಂದು ಒಂದು ಸರ್‌ಚಾರ್ಜ್ ಕಟ್ಟಬೇಕು. ಅದೂ ಅಷ್ಟೂ ವರ್ಷದ್ದು, ಒಂದೇ ಸಲ, ಮುಂಗಡವಾಗಿ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು, 5 ವರ್ಷ ಎಂದರೆ 18,110 ಪೌಂಡ್. ಪೌಂಡಿಗೆ ನೂರೇ ರೂಪಾಯಿ ಹಿಡಿದರೂ 18 ಲಕ್ಷದ ಮೇಲಾಯಿತು. 2015ರಲ್ಲಿ ಇದು ಶುರುವಾದಾಗ ತಲೆಗೆ ವರ್ಷಕ್ಕೆ 200 ಪೌಂಡ್ ಇತ್ತು. ಇದೇ ಕುಟುಂಬಕ್ಕೆ ಆಗ 4,000 ಪೌಂಡ್ ಸಾಕಿತ್ತು. ಆಮೇಲೆ 400 ಆಯಿತು, 2020ರಲ್ಲಿ 624 ಆಯಿತು, 2024ರ ಫೆಬ್ರವರಿಯಲ್ಲಿ 1,035ಕ್ಕೆ ಬಂದು ನಿಂತಿತು.

ಏರಿದ್ದಕ್ಕಿಂತ ಅದಕ್ಕೆ ಕೊಟ್ಟ ಕಾರಣ ನನಗೆ ಜಾಸ್ತಿ ನೋವು ಕೊಟ್ಟಿತು. "ಆಸ್ಪತ್ರೆ ಬಳಸುತ್ತೀರಿ, ನಿಮ್ಮ ಪಾಲು ಕೊಡಿ" ಎಂದು ನಮಗೆ ಹೇಳುತ್ತಾ ಬಂದರು. ಕೆಲಸಕ್ಕೆ ಬಂದವರ ಸಂಬಳದಲ್ಲಿ ಇನ್‌ಕಮ್ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ಕಂತು) ಎರಡೂ ಮೊದಲ ತಿಂಗಳಿಂದಲೇ ಹಿಡಿಯುತ್ತಾರೆ. ಎನ್‌ಎಚ್‌ಎಸ್ ನಡೆಯುವುದೇ ಆ ತೆರಿಗೆಯಿಂದ. ಅಂದರೆ ನಮ್ಮ ಪಾಲನ್ನು ನಾವು ಆಗಲೇ ಕೊಟ್ಟಾಗಿರುತ್ತದೆ. ಒಂದೇ ವಸ್ತುವಿಗೆ ಎರಡು ಸಲ ಬಿಲ್ಲು. ಇದನ್ನು ಒಬ್ಬ ಮಂತ್ರಿಯೂ ನೇರವಾಗಿ ಒಪ್ಪಿಕೊಳ್ಳಲಿಲ್ಲ. 2023ರ ಜುಲೈನಲ್ಲಿ ಡಾಕ್ಟರು, ಮೇಷ್ಟ್ರುಗಳ ಸಂಬಳ ಏರಿಸುವಾಗ ದುಡ್ಡು ಎಲ್ಲಿಂದ ಎಂದು ಕೇಳಿದ್ದಕ್ಕೆ, ವೀಸಾ ಶುಲ್ಕ ಮತ್ತು ಈ ಸರ್‌ಚಾರ್ಜ್ ಏರಿಸಿ 100 ಕೋಟಿ ಪೌಂಡಿಗೂ ಹೆಚ್ಚು ತರುತ್ತೇವೆ ಎಂದರು ಆಗಿನ ಪ್ರಧಾನಿ ರಿಷಿ ಸುನಕ್. ಪಾಲಿನ ಮಾತು ಅಲ್ಲಿಗೆ ಮುಗಿಯಿತು. ಇಲ್ಲಿನ ಮತದಾರರ ತೆರಿಗೆ ಮುಟ್ಟಲು ಧೈರ್ಯವಿರಲಿಲ್ಲ, ವೀಸಾದವರ ಜೇಬಿಗೆ ಕೈ ಹಾಕುವುದು ಸುಲಭವಿತ್ತು.

ಸುನಕ್ ಹೆಸರು ಬಂದರೆ ನಮ್ಮ ಗುಂಪು ಎರಡು ಭಾಗವಾಗುತ್ತದೆ, ಗೊತ್ತಿದೆ. 2022ರ ದೀಪಾವಳಿ ಹೊತ್ತಿಗೆ ಅವರು ಪ್ರಧಾನಿಯಾದಾಗ ನಾನೂ ಸಂತೋಷಪಟ್ಟವಳು. ನಾರಾಯಣ ಮೂರ್ತಿಯವರ ಅಳಿಯ, ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಅವರ ಗಂಡ. ನಮ್ಮ ಮನೆ ಅಳಿಯನೇ ಪ್ರಧಾನಿಯ ಮನೆ, ಕಚೇರಿ ಇರುವ 10, ಡೌನಿಂಗ್ ಸ್ಟ್ರೀಟಿಗೆ ಹೋದ ಹಾಗೆ ಎಲ್ಲರೂ ಹೋಳಿಗೆ ಫೋಟೋ ಹಾಕಿದ್ದರು. ಅಂದು ಬಾಗಿಲ ಮುಂದೆ ನಿಂತು, ನನ್ನ ಸರ್ಕಾರದ ಪ್ರತಿ ಹಂತದಲ್ಲೂ ಪ್ರಾಮಾಣಿಕತೆ ಇರುತ್ತದೆ ಎಂದು ಅವರು ಮಾತು ಕೊಟ್ಟರು. ನಿಯಮ ಮುರಿದಿದ್ದಕ್ಕೆ 6 ದಿನ ಮುಂಚೆ ರಾಜೀನಾಮೆ ಕೊಟ್ಟಿದ್ದ ಗೃಹಮಂತ್ರಿ ಸುವೆಲ್ಲಾ ಬ್ರೇವರ್ಮನ್ ಅವರನ್ನು ಅದೇ ದಿನ ಅದೇ ಕುರ್ಚಿಗೆ ಮತ್ತೆ ಕೂರಿಸಿದರು. ನಮ್ಮವರು ಎನ್ನುವ ಅಭಿಮಾನ ಇರಲಿ, ತಪ್ಪಿಲ್ಲ. ಆದರೆ ಅಳಿಯ ಎನ್ನುವ ಕಾರಣಕ್ಕೆ ಲೆಕ್ಕ ಕೇಳದೆ ಬಿಡುವುದು ಸರಿಯಲ್ಲ.

ಇನ್ನು ಮಕ್ಕಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹುಟ್ಟಿದ ಮಗು ತಾನಾಗೇ ಬ್ರಿಟಿಷ್ ಆಗುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ಆಗುವುದಿಲ್ಲ. 1983ರ ಜನವರಿಯಿಂದ, ಥ್ಯಾಚರ್ ಸರ್ಕಾರ ತಂದ ಕಾನೂನಿನ ಪ್ರಕಾರ, ಮಗು ಹುಟ್ಟುವಾಗ ತಂದೆತಾಯಿಯಲ್ಲಿ ಒಬ್ಬರಾದರೂ ಬ್ರಿಟಿಷ್ ಪ್ರಜೆ ಆಗಿರಬೇಕು, ಇಲ್ಲವೇ ಐಎಲ್‌ಆರ್, ಅಂದರೆ ಕಾಯಂ ಇರುವ ಹಕ್ಕು ಪಡೆದಿರಬೇಕು. ನಾವು ಬಂದಿದ್ದು 2013ರಲ್ಲಿ. ಅದೇ ಜೂನ್‌ನಲ್ಲಿ ಮಗಳು ಹುಟ್ಟಿದಳು. ನಮಗೆ ಐಎಲ್‌ಆರ್ ಬಂದ ಮೇಲೆ, 2018ರಲ್ಲಿ, ಅವಳನ್ನು ಬ್ರಿಟಿಷ್ ಪ್ರಜೆಯಾಗಿ ನೋಂದಾಯಿಸಲು 1,012 ಪೌಂಡ್ ಕಟ್ಟಿದೆವು. ಆ ಅರ್ಜಿ ನೋಡಲು ತಗಲುವ ಖರ್ಚು 372 ಪೌಂಡ್ ಮಾತ್ರ ಎಂದು ಸರ್ಕಾರವೇ ಲೆಕ್ಕ ಕೊಟ್ಟಿತ್ತು. ಮಿಕ್ಕ 640 ಪೌಂಡ್ ಒಂದು ಮಗುವಿನ ಮೇಲೆ ಮಾಡಿದ ಲಾಭ. ಆಗ ಗೃಹಮಂತ್ರಿ ಆಗಿದ್ದ ಸಾಜಿದ್ ಜಾವಿದ್ ಅವರೇ ಮಕ್ಕಳಿಂದ ಕೇಳಲು ಇದು ತುಂಬಾ ದೊಡ್ಡ ಮೊತ್ತ ಎಂದು ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ಮನಾದರು.

ಮಕ್ಕಳ ಹಿತವನ್ನೇ ನೋಡದೆ ಈ ಶುಲ್ಕ ಇಟ್ಟಿದ್ದು ತಪ್ಪು ಎಂದು 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಸರ್ಕಾರ ಮೇಲ್ಮನವಿ ಹೋಯಿತು, 2021ರಲ್ಲಿ ಅಲ್ಲೂ ಸೋತಿತು. ಕೊನೆಗೆ, ಕೈಲಾಗದ ಮನೆಯವರಿಗೆ ಶುಲ್ಕ ಮನ್ನಾ ಕೇಳುವ ದಾರಿ 2022ರಲ್ಲಿ ಬಂತು. ಅದು ಒಳ್ಳೆಯದೇ. ಆದರೆ ಮರುವರ್ಷವೇ ಶುಲ್ಕವನ್ನು 1,214ಕ್ಕೆ ಏರಿಸಿದರು. ನಮ್ಮ ಕೈಯಲ್ಲಿ ಕಟ್ಟಲು ದುಡ್ಡಿತ್ತು. ನಮ್ಮ ಬೀದಿಯಲ್ಲೇ ಒಂದು ಕುಟುಂಬ ಮೂರು ಮಕ್ಕಳಲ್ಲಿ ಯಾರದ್ದು ಮೊದಲು ಮಾಡಿಸುವುದು ಎಂದು ಕೂತು ಯೋಚಿಸುತ್ತಿತ್ತು. ಇಂಥ ಆಯ್ಕೆ ಯಾವ ತಾಯಿಗೂ ಬರಬಾರದು.

ಈಗ ನನಗೆ ಅತಿ ಕಷ್ಟದ ಮಾತು, ಅಮ್ಮನ ವಿಷಯ. ಅಮ್ಮನಿಗೆ 78. ಹಾಸನದ ಮನೆಯಲ್ಲಿ ಒಬ್ಬರೇ ಇದ್ದಾರೆ. ಹೋದ ವರ್ಷ ಎರಡು ಸಲ ಬಿದ್ದರು, ಎರಡನೇ ಸಲ ಬಚ್ಚಲುಮನೆಯಲ್ಲಿ. ಹಾಲು ಹಾಕಲು ಬಂದವರು ಬಾಗಿಲು ತಟ್ಟಿ, ಉತ್ತರ ಬರದೆ, ಪಕ್ಕದ ಮನೆಯವರನ್ನು ಕರೆದರು. ನಾನು ಇಲ್ಲಿ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ. ಮುಗಿಸಿ ಫೋನ್ ನೋಡಿದರೆ 11 ಮಿಸ್ಡ್ ಕಾಲ್.

ಅಮ್ಮನನ್ನು ಕರೆಸಿಕೊಳ್ಳೋಣ ಎಂದು ವಕೀಲರ ಹತ್ತಿರ ಹೋದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಹಾಸನದಲ್ಲಿ ದುಡ್ಡು ಕೊಟ್ಟರೆ ಮನೆಗೆ ಬಂದು ನೋಡಿಕೊಳ್ಳುವವರು ಸಿಗುತ್ತಾರಾ? ಸಿಗುತ್ತಾರೆ. ಆ ದುಡ್ಡು ಕೊಡುವ ಶಕ್ತಿ ನಿಮಗಿದೆಯಾ? ಇದೆ. "ಹಾಗಾದರೆ ಅರ್ಜಿ ಹಾಕಿ ದುಡ್ಡು ಕಳೆಯಬೇಡಿ" ಎಂದರು. 2012ರ ಜುಲೈವರೆಗೆ, 65 ದಾಟಿ ಮಕ್ಕಳನ್ನೇ ನೆಚ್ಚಿಕೊಂಡಿರುವ ತಂದೆತಾಯಿಯನ್ನು ಕರೆಸಿಕೊಳ್ಳಲು ಒಂದು ದಾರಿ ಇತ್ತು. ಥೆರೇಸಾ ಮೇ ಗೃಹಮಂತ್ರಿ ಆಗಿದ್ದಾಗ ನಿಯಮ ಬದಲಾಯಿತು. ಈಗ ಅವರು ಸ್ನಾನ, ಊಟ, ಬಟ್ಟೆ ಎಲ್ಲಕ್ಕೂ ಇನ್ನೊಬ್ಬರ ಕೈ ನೋಡುವಷ್ಟು ಅಸಹಾಯಕರಾಗಿರಬೇಕು. ಜೊತೆಗೆ, ಅಂಥ ಆರೈಕೆ ಊರಿನಲ್ಲಿ ಸಿಗಲೇಬಾರದು, ಅಥವಾ ಕೊಳ್ಳಲು ನಮ್ಮ ಕೈಯಲ್ಲಿ ಆಗಬಾರದು. ನಾನು ಬಡವಳಾಗಿದ್ದರೆ ಇಲ್ಲಿ ಅಮ್ಮನನ್ನು ಸಾಕುವ ಶಕ್ತಿ ಇಲ್ಲ ಎನ್ನುತ್ತಾರೆ, ದುಡ್ಡಿದ್ದರೆ ಅಲ್ಲೇ ಆಳು ಇಡು ಎನ್ನುತ್ತಾರೆ. ದಾರಿ ತೆರೆದೇ ಇದೆ ಎಂದು ಸಂಸತ್ತಿನಲ್ಲಿ ಹೇಳಿಕೊಳ್ಳಬಹುದು, ಯಾರೂ ಒಳಗೆ ಬರಲಾಗದ ಹಾಗೆ ನೋಡಿಕೊಳ್ಳಲೂಬಹುದು. ಮುಚ್ಚಿದ್ದೇವೆ ಎಂದು ನೇರವಾಗಿ ಹೇಳಿದ್ದರೆ 2013ರಲ್ಲಿ ವಿಮಾನ ಹತ್ತುವ ಮುಂಚೆ ನಾವು ಇನ್ನೊಮ್ಮೆ ಯೋಚಿಸುತ್ತಿದ್ದೆವು. ಅಮ್ಮ ಈಗ ವಿಸಿಟರ್ ವೀಸಾದಲ್ಲಿ ಬರುತ್ತಾರೆ. ಒಂದು ಸಲಕ್ಕೆ ಹೆಚ್ಚೆಂದರೆ 6 ತಿಂಗಳು. ಹೊರಡುವ ದಿನ ಮಗಳು ಅಜ್ಜಿಯ ಚೀಲದಲ್ಲಿ ತಾನು ಬರೆದ ಕನ್ನಡ ಚೀಟಿಗಳನ್ನು ಇಡುತ್ತಾಳೆ.

"ಎಲ್ಲ ಸರ್ಕಾರಗಳೂ ಸುಳ್ಳು ಹೇಳುತ್ತವೆ, ಇದರಲ್ಲೇನಿದೆ" ಎಂದು ಇಲ್ಲಿ ಹಲವರು ಬರೆಯುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮಗಳ 7ನೇ ಹುಟ್ಟುಹಬ್ಬ ನೆನಪಾಗುತ್ತದೆ. 2020ರ ಜೂನ್, ಮೂರನೇ ವಾರ. ಕೊರೊನಾ ನಿಯಮ, ಮನೆಯೊಳಗೆ ಯಾರನ್ನೂ ಕರೆಯುವ ಹಾಗಿರಲಿಲ್ಲ. ಅವಳ ಗೆಳತಿ ಗೇಟಿನ ಆಚೆ ನಿಂತಿದ್ದಳು. ಕೇಸರಿಬಾತಿನ ಸ್ಟೀಲ್ ಡಬ್ಬಿಯನ್ನು ಗೋಡೆ ಮೇಲಿಟ್ಟು ನಾನು ಹಿಂದೆ ಸರಿದೆ, ಆ ಹುಡುಗಿಯ ಅಮ್ಮ ಮುಂದೆ ಬಂದು ಎತ್ತಿಕೊಂಡರು. "ಒಳಗೆ ಬಾ" ಎಂದು ಮಗಳು ಕರೆದಳು. ನಾನು ಗದರಿಸಿದೆ. ಹುಟ್ಟುಹಬ್ಬದ ದಿನ ಅತ್ತಳು.

ಅದೇ ವಾರ, ಜೂನ್ 19ರಂದು, ಪ್ರಧಾನಿ ಬೋರಿಸ್ ಜಾನ್ಸನ್ ಹುಟ್ಟುಹಬ್ಬಕ್ಕೆ ಕ್ಯಾಬಿನೆಟ್ ಕೋಣೆಯಲ್ಲಿ ಜನ ಸೇರಿದ್ದರು. ಅದು ಬಯಲಾಗಿದ್ದು ಆಮೇಲೆ. ನಂಬರ್ 10ರಲ್ಲಿ ಮಾರ್ಗಸೂಚಿ ಎಲ್ಲವನ್ನೂ ಪೂರ್ತಿ ಪಾಲಿಸಲಾಗಿದೆ ಎಂದು ಜಾನ್ಸನ್ 2021ರ ಡಿಸೆಂಬರ್ 1ರಂದು ಸಂಸತ್ತಿಗೆ ಹೇಳಿದರು. ಇಂಥ ಕೂಟಗಳಿಗೆ ಪೊಲೀಸರು ಒಟ್ಟು 83 ಜನರಿಗೆ 126 ದಂಡ ಹಾಕಿದರು. ಜಾನ್ಸನ್‌ಗೂ ಬಿತ್ತು, ಸುನಕ್‌ಗೂ ಬಿತ್ತು. ಜಾನ್ಸನ್ ಸಂಸತ್ತಿಗೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರು ಎಂದು 2023ರ ಜೂನ್‌ನಲ್ಲಿ ಸಂಸದರ ಸಮಿತಿ ತೀರ್ಪು ಕೊಟ್ಟಿತು. ಆ ಸಮಿತಿಯಲ್ಲಿ ಹೆಚ್ಚಿನವರು ಅವರದೇ ಕನ್ಸರ್ವೇಟಿವ್ ಪಕ್ಷದವರು. ಆ ವರದಿಯನ್ನು 354 ಸಂಸದರು ಒಪ್ಪಿದರು, 7 ಜನ ಮಾತ್ರ ವಿರೋಧಿಸಿದರು. ಪ್ರಧಾನಿ ಸುನಕ್ ಮತ ಹಾಕಲು ಬರಲಿಲ್ಲ. ದಂಡದ ಸುದ್ದಿ ಟಿವಿಯಲ್ಲಿ ಬಂದ ದಿನ ಮಗಳು ಕೇಳಿದಳು: "ಅಮ್ಮಾ, ಅವರಿಗೆ ರೂಲ್ಸ್ ಗೊತ್ತಿರಲಿಲ್ವಾ?" ರೂಲ್ಸ್ ಮಾಡಿದ್ದೇ ಅವರು ಮಗಳೇ ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ವಿಷಯ ಇಟ್ಟು ನೋಡಿ. ಅದೇ ಪಕ್ಷದ ಸರ್ಕಾರ 2018ರ ಆಸುಪಾಸಿನಲ್ಲಿ, ಹಳೆಯ ತೆರಿಗೆ ಲೆಕ್ಕ ತಿದ್ದಿಸಿಕೊಂಡಿದ್ದ ಎಷ್ಟೋ ಭಾರತೀಯ, ಪಾಕಿಸ್ತಾನಿ ಇಂಜಿನಿಯರ್‌ಗಳ, ಸಣ್ಣ ವ್ಯಾಪಾರಿಗಳ ಐಎಲ್‌ಆರ್ ಅರ್ಜಿ ತಿರಸ್ಕರಿಸಿತು. ಬಳಸಿದ್ದು 322(5) ಎಂಬ ನಿಯಮ. ದೇಶದ ಭದ್ರತೆಗೆ ಅಪಾಯ ಆಗುವವರಿಗೂ ಇದೇ ನಿಯಮ. ಇವರು ಅಪ್ರಾಮಾಣಿಕರು ಎಂದು ಷರಾ ಬರೆದರು. ಕೆಲವರಿಗೆ ಕೆಲಸ ಮಾಡುವ ಹಕ್ಕೂ ಹೋಯಿತು. ವಿವರಣೆ ಕೊಡಲು ಅವಕಾಶವನ್ನೇ ಕೊಡದೆ ಹೀಗೆ ಮಾಡಿದ್ದು ಅನ್ಯಾಯ ಎಂದು 2019ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. ನಮ್ಮವರು ಲೆಕ್ಕ ತಪ್ಪಿ, ತಾವೇ ತಿದ್ದಿಕೊಂಡರೆ ಸುಳ್ಳುಗಾರರು. ಪ್ರಧಾನಿ ಸಂಸತ್ತಿನಲ್ಲೇ ಸುಳ್ಳು ಹೇಳಿದರೆ ಅದು ರಾಜಕೀಯ, ಗುಂಪಿನಲ್ಲಿ ಮಾತಾಡಬಾರದು. ಇದು ಸರಿನಾ, ನೀವೇ ಹೇಳಿ.

ನಿವ್ವಳ ವಲಸೆಯನ್ನು, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕವನ್ನು, ವರ್ಷಕ್ಕೆ ಹತ್ತಾರು ಸಾವಿರಕ್ಕೆ ಇಳಿಸುತ್ತೇವೆ ಎಂದು ಅದೇ ಪಕ್ಷದವರು 2010, 2015, 2017 ಮೂರೂ ಚುನಾವಣೆಗಳಲ್ಲಿ ಬರೆದುಕೊಟ್ಟರು. 2010ರಿಂದ 2019ರವರೆಗೆ ಒಂದು ವರ್ಷವೂ ಆಗಲಿಲ್ಲ. 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಅದು 9 ಲಕ್ಷ ದಾಟಿತ್ತು. ವೃದ್ಧರನ್ನು ನೋಡಿಕೊಳ್ಳಲು ಜನ ಬೇಕು ಎಂದು 2022ರಲ್ಲಿ ಅವರೇ ಕೇರ್ ವೀಸಾ ತೆರೆದರು. 2024ರ ಮಾರ್ಚ್‌ನಲ್ಲಿ, ಹೊಸದಾಗಿ ಈ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ತರುವ ಹಾಗಿಲ್ಲ ಎಂದರು. ಇನ್ನೊಬ್ಬರ ಅಮ್ಮನಿಗೆ ಅನ್ನ ತಿನ್ನಿಸಲು ಬಾ, ನಿನ್ನ ಮಗುವನ್ನು ಊರಿನಲ್ಲೇ ಬಿಟ್ಟು ಬಾ. ಅಮ್ಮ ಅಲ್ಲಿ, ನಾನು ಇಲ್ಲಿ ಎಂದು ಬದುಕುತ್ತಿರುವ ನನಗೆ ಇದು ಓದಿ ಹೊಟ್ಟೆ ಉರಿಯಿತು.

ನಾನು ಲೇಬರ್ ಪಕ್ಷದ ಪರವಾಗಿ ಬರೆಯುತ್ತಿಲ್ಲ. 2024ರ ಜುಲೈನಲ್ಲಿ ಅವರು ಅಧಿಕಾರಕ್ಕೆ ಬಂದ ಮೇಲೆ ಸರ್‌ಚಾರ್ಜ್ ಇಳಿಯಲಿಲ್ಲ, ಅಮ್ಮಂದಿರ ನಿಯಮ ಬದಲಾಗಲಿಲ್ಲ. ಐಎಲ್‌ಆರ್‌ಗೆ 5 ವರ್ಷದ ಬದಲು 10 ವರ್ಷ ಕಾಯಿಸುವ ಪ್ರಸ್ತಾಪವನ್ನು 2025ರ ಮೇನಲ್ಲಿ ಅವರೇ ತಂದರು. ಆ ಲೆಕ್ಕವನ್ನೂ ಇಷ್ಟೇ ಜೋರಾಗಿ ಕೇಳಬೇಕು. ಆದರೆ 14 ವರ್ಷ ಕೂತು ಈ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದ್ದು ಕನ್ಸರ್ವೇಟಿವ್ ನೇತೃತ್ವದ ಸರ್ಕಾರಗಳು. ಅದನ್ನು ಮರೆಯಬಾರದು.

ಬೆಂಗಳೂರಿನ ತಮ್ಮಾ, ನಿನಗೆ ನನ್ನ ಉತ್ತರ: ಬಾ. ಶಾಲೆ ಚೆನ್ನಾಗಿದೆ, ಮೇಷ್ಟ್ರುಗಳು ಒಳ್ಳೆಯವರು, ಜ್ವರ ಬಂದರೆ ಜಿಪಿ, ಅಂದರೆ ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೋಗಲು ಜೇಬು ನೋಡಿಕೊಳ್ಳಬೇಕಿಲ್ಲ. ಆದರೆ ಆ 18,110 ಪೌಂಡ್ ಕಂಪನಿ ಕಟ್ಟುತ್ತದಾ, ನಾಲ್ವರದ್ದೂ ಕಟ್ಟುತ್ತದಾ ಅಥವಾ ನಿನ್ನೊಬ್ಬನದ್ದು ಮಾತ್ರವಾ ಎಂದು ಬರಹದಲ್ಲಿ ಕೇಳಿಕೋ. ಅಪ್ಪ ಅಮ್ಮನ ಜೊತೆ ಕೂತು 2012ರ ನಿಯಮವನ್ನು ಬಿಡಿಸಿ ಹೇಳು, ಆಮೇಲೆ ಕರೆಸಿಕೊಳ್ಳುತ್ತೇವೆ ಎಂದು ಸುಮ್ನೆ ಮಾತು ಕೊಡಬೇಡ.

ಬಂದ ಮೊದಲ ತಿಂಗಳೇ ಇಬ್ಬರೂ ವೋಟರ್ ಪಟ್ಟಿಗೆ ಹೆಸರು ಸೇರಿಸಿ. ಭಾರತ ಕಾಮನ್‌ವೆಲ್ತ್ ದೇಶ. ವೀಸಾದಲ್ಲಿ ಇಲ್ಲಿ ವಾಸ ಇರುವ ಭಾರತೀಯರಿಗೆ ಕೌನ್ಸಿಲ್ (ಸ್ಥಳೀಯ ಸಂಸ್ಥೆ) ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತ ಇದೆ. ನಮ್ಮ ಗುಂಪಿನಲ್ಲಿ ಅರ್ಧ ಜನಕ್ಕೆ ಇದು ಗೊತ್ತೇ ಇಲ್ಲ. ಮತಗಟ್ಟೆಯಲ್ಲಿ ಫೋಟೋ ಗುರುತು ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ನಮ್ಮ ಪಕ್ಕದ ಮನೆಯಾಕೆ ಮೂರು ವರ್ಷದಿಂದ ಇಲ್ಲಿದ್ದಾರೆ, ನಮಗೆಲ್ಲಿ ವೋಟು ಎಂದೇ ತಿಳಿದಿದ್ದರು. ಹೋದ ಶನಿವಾರ ಇಡ್ಲಿ ತಿಂದು ಇಬ್ಬರೂ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿದ್ದರೆ 5 ನಿಮಿಷದ ಕೆಲಸ. ಅಣ್ಣ, ನಿಮ್ಮ ಹೆಸರು ಪಟ್ಟಿಯಲ್ಲಿದೆಯಾ? ಇಲ್ಲದಿದ್ದರೆ ಈ ಭಾನುವಾರ ಮನೆಗೆ ಬನ್ನಿ, ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ.