‘ಸರ್ವಿಸ್ ಆಗಿದೆ’ ಅಂದರೆ ಏನೇನು ಆಗಿದೆ?

ಪ್ರಶ್ನೆ: ದಾವಣಗೆರೆಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೊಂದಕ್ಕೆ ಅಗ್ನಿ ಸುರಕ್ಷತೆಯ ರಿಜಿಸ್ಟರನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಇನ್‌ಸ್ಪೆಕ್ಷನ್, ಮೇಂಟೆನೆನ್ಸ್, ರೀಫಿಲ್, ಹೈಡ್ರೋ ಟೆಸ್ಟ್ ಈ ನಾಲ್ಕಕ್ಕೂ ಹಳೆಯ ಕಡತದಲ್ಲಿ ‘ನಿರ್ವಹಣೆ’ ಎಂದೇ ಇದೆ. ಕೆಲಸಗಾರರ ಬಾಯಲ್ಲಿ ಎಲ್ಲವೂ ‘ಸರ್ವಿಸ್’. ಬೇರೆ ಬೇರೆ ಪದ ಸೂಚಿಸಿ. ಗೋಡೆಯ ಮೇಲಿರುವ ಸಾಧನಕ್ಕೆ ‘ಅಗ್ನಿಶಾಮಕ’ ಸರಿಯೋ, ‘ಅಗ್ನಿನಂದಕ’ವೋ?

ಉತ್ತರ: ಕೊನೆಯದಕ್ಕೆ ಮೊದಲು. ‘ಅಗ್ನಿಶಾಮಕ’ ಅಂದರೆ ಜನರಿಗೆ ಇಲಾಖೆ, ಕೆಂಪು ಗಾಡಿ. ಸಾಧನಕ್ಕೆ ‘ಅಗ್ನಿನಂದಕ’ ಇರಲಿ. ಬೋರ್ಡಿನಲ್ಲಿ ಬರೀ ‘ಸಿಲಿಂಡರ್’ ಬೇಡ, ಗ್ಯಾಸ್ ಸಿಲಿಂಡರ್ ಅಂದುಕೊಳ್ಳುವವರಿದ್ದಾರೆ.

ಇನ್‌ಸ್ಪೆಕ್ಷನ್‌ಗೆ ‘ತಪಾಸಣೆ’. ಮಿಲ್ಲಿನವರೇ ಕಣ್ಣಾಡಿಸಿ ನೋಡುವುದು: ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನು ಸೀಲು ಇವೆಯೇ, ಹೋಸಿನ ಬಾಯಿಗೆ ಹತ್ತಿಧೂಳು ಕಟ್ಟಿದೆಯೇ, ಎದುರಿಗೆ ಬೇಲು (ಅದುಮಿ ಕಟ್ಟಿದ ಹತ್ತಿಮೂಟೆ) ಒಟ್ಟಿ ದಾರಿ ಮುಚ್ಚಿದ್ದಾರೆಯೇ.

‘ನಿರ್ವಹಣೆ’ಯನ್ನು ಮಾತ್ರ ಬಿಟ್ಟುಬಿಡಿ. ಹಣಕ್ಕೂ ಅದೇ, ಕಟ್ಟಡಕ್ಕೂ ಅದೇ, ಜನರಿಗೂ ಅದೇ. ಆ ಅಂಕಣದಲ್ಲಿ ಮಾಡಿದ ಕೆಲಸವನ್ನೇ ಬರೆಸಿ: ‘ತೂಗಿದೆ’, ‘ವಾಷರ್ ಬದಲಿಸಿದೆ’. ಇಂಗಾಲದ ಡೈಆಕ್ಸೈಡ್ ನಂದಕಕ್ಕೆ ಗೇಜೇ ಇರುವುದಿಲ್ಲ, ಅನಿಲ ಸೋರಿದ್ದು ತಕ್ಕಡಿಗೆ ಮಾತ್ರ ಗೊತ್ತು. ಖಾಲಿ ತೂಕ ಅದರ ಮೇಲೆಯೇ ಅಚ್ಚಾಗಿರುತ್ತದೆ. 4.5 ಕಿಲೋ ಅನಿಲದಲ್ಲಿ ಹತ್ತನೇ ಒಂದು ಪಾಲು, ಅಂದರೆ 450 ಗ್ರಾಂಗಿಂತ ಹೆಚ್ಚು ಸೋರಿಹೋಗಿದ್ದರೆ ತುಂಬಿಸಲು ಕಳಿಸಬೇಕು. ‘ಸರ್ವಿಸ್ ಆಗಿದೆ’ ಎಂಬ ಸಹಿ ನೋಡಿದರೆ ತೂಗಿದರೋ ಧೂಳು ಒರೆಸಿದರೋ ತಿಳಿಯುವುದಿಲ್ಲ.

ರೀಫಿಲ್‌ಗೆ ‘ಮರುಭರ್ತಿ’ ಅನ್ನುವುದಕ್ಕೆ ನನ್ನ ತಕರಾರಿದೆ. ಉಳಿದದ್ದರ ಮೇಲೆ ಇನ್ನಷ್ಟು ಸುರಿಯುವುದು ಅಂತ ಓದಿಕೊಳ್ಳುತ್ತಾರೆ. ನಂದಕಕ್ಕೆ ತುಂಬುವ ಎಬಿಸಿ (ABC) ಪೌಡರ್ ಅಂದರೆ ಮೋನೋ ಅಮೋನಿಯಂ ಫಾಸ್ಫೇಟ್, ಆಮ್ಲ ಗುಣದ್ದು. ಹಳೆಯ ಬಿ.ಸಿ. (BC) ಪೌಡರ್ ಬಹುಪಾಲು ಅಡುಗೆ ಸೋಡಾ, ಕ್ಷಾರ ಗುಣದ್ದು. ಎರಡೂ ಬೆರೆತು ತೇವ ತಾಗಿದರೆ ಒಳಗೇ ಅನಿಲ ಎದ್ದು ಪೌಡರ್ ಹೆಂಟೆಗಟ್ಟುತ್ತದೆ. ಆದ್ದರಿಂದ ‘ಖಾಲಿ ಮಾಡಿ ತುಂಬಿದೆ’ ಎಂದೇ ಇರಲಿ, ಉದ್ದವಾದರೂ ಚಿಂತೆಯಿಲ್ಲ. ಒಂದೇ ಸಲ ಹಿಡಿ ಒತ್ತಿ ಬಿಟ್ಟಿದ್ದರೂ ಇದು ಆಗಲೇಬೇಕು. ವಾಲ್ವಿನ ಸೀಟಿನಲ್ಲಿ ಪೌಡರ್ ಕೂತು ಅದು ಪೂರ್ತಿ ಮುಚ್ಚಿಕೊಳ್ಳದೆ, ಒತ್ತಡ ಮೆಲ್ಲಗೆ ಇಳಿದುಹೋಗುತ್ತದೆ.

ಹೈಡ್ರೋ ಟೆಸ್ಟಿಗೆ ‘ನೀರಿನ ಒತ್ತಡ ಪರೀಕ್ಷೆ’ ಸಾಕು. ‘ಜಲಸ್ಥೈತಿಕ’ ಬರೆದರೆ ನೀವೇ ನಿಂತು ವಿವರಿಸಬೇಕಾದೀತು. ಭಾರತೀಯ ಮಾನಕ ಐಎಸ್ 2190ರ ಪ್ರಕಾರ ಪೌಡರಿನದಕ್ಕೆ 3 ವರ್ಷಕ್ಕೊಮ್ಮೆ, ಇಂಗಾಲದ ಡೈಆಕ್ಸೈಡಿನದಕ್ಕೆ 5 ವರ್ಷಕ್ಕೊಮ್ಮೆ. ಗಾಳಿಯ ಬದಲು ನೀರು ಯಾಕೆಂದರೆ, ನಂದಕದ ಗೋಡೆ ಬಿರಿದರೂ ನೀರು ಸಿಡಿಯದೆ ಸೋರುತ್ತದೆ. ಪರೀಕ್ಷೆಯ ಮುಂದಿನ ಅಂಕಣ ‘ಒಳಗೆ ಒಣಗಿಸಿದೆ’ ಆಗಿರಬೇಕು. ತೇವ ಉಳಿದರೆ ಹೊಸ ಪೌಡರೂ ತಳದಲ್ಲಿ ಗಟ್ಟಿಯಾಗುತ್ತದೆ, ಗೇಜು ಮಾತ್ರ ಹಸಿರನ್ನೇ ತೋರಿಸುತ್ತಿರುತ್ತದೆ.

‘ಡ್ಯೂ’ಗೆ ‘ಅವಧಿ ಮುಕ್ತಾಯ’ ಬೇಡ. ಔಷಧದ ಬಾಟಲಿಯಂತೆ ಎಸೆಯಬೇಕೇನೋ ಅನ್ನಿಸುತ್ತದೆ. ‘ಮುಂದೆ ತುಂಬಿಸಬೇಕಾದ ದಿನ’, ‘ಮುಂದಿನ ಒತ್ತಡ ಪರೀಕ್ಷೆಯ ದಿನ’ ಎಂದು ಎರಡನ್ನೂ ಬೇರೆಯಾಗಿ ಬರೆಯಿರಿ.

ಇನ್ನೊಬ್ಬರಿಂದ: ಮೇಲಿನವರ ಮಾತಿಗೆ ಒಂದು ಸೇರಿಕೆ. ಬೋರ್ಡಿನಲ್ಲಿ ‘ಆರಿಸು’ ಬಳಸುವುದಾದರೆ ಹುಷಾರು, ‘ತಕ್ಕ ಸಾಧನ ಆರಿಸಿ ಬೆಂಕಿ ಆರಿಸಿ’ ಅಂತಾದರೆ ನಗೆಪಾಟಲು. ಹತ್ತಿ ಮಿಲ್ಲಿಗೆ ಇನ್ನೂ ಮುಖ್ಯವಾದದ್ದು ‘ಜ್ವಾಲೆ ಅಡಗಿದೆ’, ‘ಬೆಂಕಿ ನಂದಿದೆ’ ಇವುಗಳ ವ್ಯತ್ಯಾಸ. ಪೌಡರ್ ಹೊಡೆದರೆ ಮೇಲಿನ ಜ್ವಾಲೆ ಅಡಗುತ್ತದೆ, ಬೇಲಿನ ಹೊಟ್ಟೆಯಲ್ಲಿ ಕಿಡಿ ಹೊಗೆಯುತ್ತಲೇ ಇದ್ದು ಗಂಟೆಗಟ್ಟಲೆ ಬಿಟ್ಟು ಮತ್ತೆ ಹತ್ತಿಕೊಳ್ಳುತ್ತದೆ. ಹತ್ತಿರದಿಂದ ಹೊಡೆದರೆ ಬಿಡಿ ಅರಳೆ ಕಿಡಿಸಮೇತ ಹಾರುತ್ತದೆ. ಹತ್ತಿಗೆ ನೀರೇ ಬೇಕು. ಪ್ಯಾನೆಲ್ ಬೋರ್ಡಿಗೆ ಮಾತ್ರ ನೀರು ಸಲ್ಲದು, ಅಲ್ಲಿ ಇಂಗಾಲದ ಡೈಆಕ್ಸೈಡ್. ಸೂಚನೆ ಹೀಗಿರಲಿ: ‘ಜ್ವಾಲೆ ಅಡಗಿದ ಮೇಲೆ ಬೇಲನ್ನು ಬಯಲಿಗೆ ಎಳೆಯಿರಿ. ನೀರು ಕೈಯಲ್ಲಿದ್ದಾಗಲೇ ಪಟ್ಟಿ ಕತ್ತರಿಸಿ.’